ಆಮಿಷ ನಿಯಮಗಳು: ಅಮೆರಿಕದ ಹೊಲಗದ್ದೆಗಳಲ್ಲಿ ನೀರುಹಕ್ಕಿ ಬೇಟೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಳು, ಉಪ್ಪು ಅಥವಾ ಬೇರೆ ತಿನಿಸು ಚೆಲ್ಲಿ ಕಾಡುಬಾತು, ಹೆಬ್ಬಾತು ಮೊದಲಾದ ವಲಸೆ ನೀರುಹಕ್ಕಿಗಳನ್ನು ಸೆಳೆದು ಹೊಡೆಯುವುದನ್ನು ನಿಷೇಧಿಸುವ ಒಕ್ಕೂಟ ಸರ್ಕಾರದ ನಿಯಮಗಳಿವು. ಬೇಟೆಗೆ ಅನುಮತಿಯಿರುವ ಋತುವಿನಲ್ಲೂ, ಪರವಾನಗಿ ಪಡೆದವರಿಗೂ ಇವು ಅನ್ವಯಿಸುತ್ತವೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ಹಕ್ಕಿಗಳು ಕೊಯ್ಲಾದ ಹೊಲಗಳಲ್ಲಿ ಉದುರಿದ ಮೆಕ್ಕೆಜೋಳ, ಭತ್ತ, ಗೋಧಿಯನ್ನು ಮೇಯುತ್ತವೆ. ಬೇಟೆಗಾರರೂ ಅಲ್ಲೇ ಹೊಂಚು ಹಾಕುತ್ತಾರೆ. ಹಾಗಾಗಿ ನೆಲದ ಮೇಲೆ ಕಾಳು ಕಂಡ ಮಾತ್ರಕ್ಕೆ ತಪ್ಪಾಗುವುದಿಲ್ಲ. ಆ ಕಾಳು ಅಲ್ಲಿಗೆ ಹೇಗೆ ಬಂತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಯಮಗಳ ಬುಡದಲ್ಲಿರುವುದು ಕೆನಡಾದ ಪರವಾಗಿ ಬ್ರಿಟನ್ನಿನೊಡನೆ 1916ರಲ್ಲಿ ಆದ ಒಪ್ಪಂದ ಮತ್ತು ಅದನ್ನು ಜಾರಿಗೆ ತಂದ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆ. 1930ರ ದಶಕದ ಬರಗಾಲದಲ್ಲಿ ಜೌಗುಗಳು ಒಣಗಿ ಬಾತುಗಳ ಸಂಖ್ಯೆ ಕುಸಿದಾಗ, 1935ರಲ್ಲಿ ಆಮಿಷವನ್ನೂ, ಹಕ್ಕಿಗಳನ್ನು ಕರೆಯಲು ಜೀವಂತ ಸಾಕುಬಾತುಗಳನ್ನು ಬಳಸುವುದನ್ನೂ ನಿಷೇಧಿಸಲಾಯಿತು. ಹಸಿದ ಹಿಂಡಿಗೆ ಕಾಳಿನ ರಾಶಿ ತೋರಿಸಿದರೆ ಅದು ಮತ್ತೆ ಮತ್ತೆ ಅಲ್ಲಿಗೇ ಇಳಿಯುತ್ತದೆ. ಆಗ ಬೇಟೆಯಲ್ಲಿ ಚಾಕಚಕ್ಯತೆಗೆ ಕೆಲಸವೇ ಉಳಿಯುವುದಿಲ್ಲ.

ಬಿತ್ತನೆ, ಕೊಯ್ಲು ಮತ್ತು ಕೊಯ್ಲಿನ ನಂತರದ ಕೆಲಸಗಳು ವಾಡಿಕೆಯ ಬೇಸಾಯಕ್ಕೆ ತಕ್ಕಂತೆ ನಡೆದಿದ್ದರೆ ಆ ಹೊಲದಲ್ಲಿ ನೀರುಹಕ್ಕಿ ಬೇಟೆಗೆ ಅಡ್ಡಿಯಿಲ್ಲ. ವಾಡಿಕೆ ಯಾವುದು ಎಂಬುದಕ್ಕೆ ಆಯಾ ರಾಜ್ಯದ ಕೃಷಿ ವಿಸ್ತರಣಾ ತಜ್ಞರ ಶಿಫಾರಸೇ ಅಳತೆಗೋಲು. ಯಂತ್ರದಿಂದ ಕೊಯ್ದು ಧಾನ್ಯ ಸಾಗಿಸಿದ ಮೇಲೆ ಕೂಳೆಯನ್ನು ಉಳಬಹುದು, ಗದ್ದೆಗೆ ನೀರು ನಿಲ್ಲಿಸಬಹುದು. ಕೊಯ್ಲಿನಲ್ಲಿ ಸಹಜವಾಗಿ ಉದುರಿದ ಕಾಳು ಆಮಿಷವಲ್ಲ. ಕೊಯ್ಯದೆ ನಿಂತ ಬೆಳೆಯ ನಡುವೆಯೂ, ಅದಕ್ಕೆ ನೀರು ಕಟ್ಟಿದ್ದರೂ, ಬೇಟೆಯಾಡಬಹುದು. ಆದರೆ ಕೊಯ್ಲಿಗೆ ಮೊದಲೇ ಆ ಬೆಳೆಯ ನಾಲ್ಕು ಸಾಲನ್ನು ಕತ್ತರಿಸಿ, ಉರುಳಿಸಿ, ತುಳಿದು ಅಥವಾ ಸುಟ್ಟು ತೆನೆ ಬಿಚ್ಚಿಟ್ಟರೆ ಅದು ಆಮಿಷ ಹಾಕಿದ ಜಾಗವಾಗುತ್ತದೆ. ಬೆಳೆದ ಹೊಲದಿಂದ ಸಾಗಿಸಿದ ಕಾಳನ್ನು ಮರಳಿ ತಂದು ಚೆಲ್ಲುವುದೂ ಅಷ್ಟೇ. ನೀರು ಕಟ್ಟಿದ ನಿಂತ ಬೆಳೆಗೆ ಕೊಟ್ಟಿರುವ ಈ ಸಡಿಲಿಕೆ ದುಡ್ಡಿರುವ ಬೇಟೆ ಕ್ಲಬ್ಬುಗಳಿಗೇ ಹೆಚ್ಚು ಅನುಕೂಲ ಎಂಬ ಆಕ್ಷೇಪ ಬೇಟೆಗಾರರಲ್ಲೇ ಇದೆ. ಅದು ತೀರಾ ತಳಬುಡವಿಲ್ಲದ್ದಲ್ಲ.

ಬಿತ್ತನೆಯಲ್ಲಿ ಸೂಕ್ಷ್ಮಗಳು ಹೆಚ್ಚು. ಗೋಧಿಯನ್ನು ನೆಲದ ಮೇಲೆ ಎರಚಿ ಬಿತ್ತುವುದು ಕೆಲವೆಡೆ ರೂಢಿ. ಬಿತ್ತುವ ಕಾಲ, ಎಕರೆಗೆ ಬೀಳುವ ಬೀಜದ ಪ್ರಮಾಣ, ಹದ ಮಾಡಿದ ನೆಲ, ಮೊಳೆಯುವ ಬೀಜ ಇವೆಲ್ಲ ಶಿಫಾರಸಿಗೆ ಹೊಂದಿದರೆ ಅದು ಬೇಸಾಯ. ಅಲ್ಲಲ್ಲಿ ಗುಡ್ಡೆ ಬಿದ್ದಿದ್ದರೆ, ಹಂಗಾಮು ಮುಗಿದ ಮೇಲೆ ಬಿತ್ತಿದ್ದರೆ ಅನುಮಾನಕ್ಕೆ ಎಡೆಯಾಗುತ್ತದೆ. ಕಾಡುಪ್ರಾಣಿಗಳ ಮೇವಿಗೆಂದೇ ಹೊಸದಾಗಿ ಬಿತ್ತಿ, ಬೀಜ ಹೊರಗೆ ಕಾಣುತ್ತಿರುವ ಪಟ್ಟಿಗಳಲ್ಲಿ ನೀರುಹಕ್ಕಿ ಬೇಟೆಗೆ ಅವಕಾಶವಿಲ್ಲ. ತಾನಾಗಿ ಬೆಳೆದ ಜೌಗಿನ ಹುಲ್ಲು, ಗಿಡಗಳನ್ನು ಮಾತ್ರ ಕೊಚ್ಚಿ ಕೆಡವಬಹುದು. ಕಿರುಧಾನ್ಯಕ್ಕೆ ಇಲ್ಲಿ ವಿಚಿತ್ರ ಸ್ಥಾನ: ಬಿತ್ತಿದ ವರ್ಷ ಅದು ಬೆಳೆ, ಮುಂದಿನ ವರ್ಷಗಳಲ್ಲಿ ತಾನಾಗಿ ಹುಟ್ಟಿದರೆ ಕಾಡುಗಿಡ. ಹಕ್ಕಿಗಳಿಗೆಂದು ಆಗ್ನೇಯ ರಾಜ್ಯಗಳಲ್ಲಿ ಬಿತ್ತುವ ಕಿರುಧಾನ್ಯಗಳಲ್ಲಿ ತುಮಕೂರು, ಚಿತ್ರದುರ್ಗದ ರೈತರಿಗೆ ಪರಿಚಿತವಾದ ಕೊರಲೆಯೂ ಒಂದು. ಅದು 20ನೇ ಶತಮಾನದ ಆರಂಭದಲ್ಲಿ ಭಾರತದಿಂದ ಅಲ್ಲಿಗೆ ಹೋಯಿತು.

ಆಮಿಷವನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗ ನಿಷಿದ್ಧ. ರುಚಿ ಕಂಡ ಹಕ್ಕಿಗಳು ಕಾಳು ಮುಗಿದರೂ ಕೆಲ ದಿನ ಬರುತ್ತಲೇ ಇರುತ್ತವೆ ಎಂಬುದು ಇದರ ಹಿಂದಿನ ಲೆಕ್ಕ. ಎಷ್ಟು ದೂರದಾಚೆ ಕೂತರೆ ತಪ್ಪಲ್ಲ ಎಂಬುದಕ್ಕೆ ಗಜಗಳ ಲೆಕ್ಕವಿಲ್ಲ. ಪಕ್ಕದ ಹೊಲದ ಕಾಳಿನತ್ತ ಹಾರುವ ಹಕ್ಕಿಗಳ ದಾರಿಯಲ್ಲಿ ಕೂತವರೂ ಸಿಕ್ಕಿಬೀಳಬಹುದು. ನೆಲದ ಇಳಿಜಾರು, ಹವಾಮಾನ, ಹಕ್ಕಿಗಳ ಹಾರಾಟದ ದಾರಿ ನೋಡಿ ಪ್ರಕರಣವಾರು ತೀರ್ಮಾನಿಸಲಾಗುತ್ತದೆ.

ಹಿಂದೆ ಹಲವು ನ್ಯಾಯಾಲಯಗಳು, ಬೇಟೆಗಾರನಿಗೆ ಆಮಿಷದ ಸುಳಿವೇ ಇರದಿದ್ದರೂ ಶಿಕ್ಷೆ ವಿಧಿಸುತ್ತಿದ್ದವು. 1978ರಲ್ಲಿ 5ನೇ ವಲಯದ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಒಪ್ಪಲಿಲ್ಲ. 1998ರ ತಿದ್ದುಪಡಿ ಕಾಯ್ದೆ ಆ ನಿಲುವನ್ನೇ ದೇಶಕ್ಕೆಲ್ಲ ಅನ್ವಯಿಸಿತು: ಆಮಿಷವಿದೆ ಎಂದು ಬೇಟೆಗಾರನಿಗೆ ಗೊತ್ತಿರಬೇಕು, ಇಲ್ಲವೇ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿರಬೇಕು. ಆಮಿಷದ ಮೇಲೆ ಬೇಟೆಯಾಡಿದರೆ 15,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು. ಬೇರೆಯವರು ಬೇಟೆಯಾಡಲೆಂದು ಆಮಿಷ ಹಾಕುವುದು ಪ್ರತ್ಯೇಕ ಅಪರಾಧವಾಯಿತು. ಅದಕ್ಕೆ 1 ವರ್ಷದವರೆಗೆ ಜೈಲಾಗಬಹುದು. ಎಚ್ಚರ ಎಂದರೆ ಹೊಲದ ಒಡೆಯನನ್ನು ವಿಚಾರಿಸುವುದು, ಹೊಲ ಸುತ್ತಿ ನೋಡುವುದು, ನೀರಿನಡಿಯ ಕೆಸರನ್ನೂ ಕೆದಕಿ ನೋಡುವುದು.

ಬೆಳವನ ಹಕ್ಕಿಯ ಬೇಟೆಗೆ ನಿಯಮ ಸಡಿಲ; ಕೊಯ್ಲಿಗೆ ಮೊದಲೇ ಕೆಡವಿದ ಬೆಳೆಯ ಮೇಲೂ ಅದನ್ನು ಹೊಡೆಯಬಹುದು. ಅದೇ ಹೊಲದಲ್ಲಿ ಬಾತು, ಹೆಬ್ಬಾತು, ಕ್ರೌಂಚ ಅಥವಾ ನಾಮದ ಕೋಳಿಯನ್ನು ಹೊಡೆದರೆ ಅಪರಾಧ. ರಾಜ್ಯಗಳು ಒಕ್ಕೂಟದ ನಿಯಮಕ್ಕಿಂತ ಬಿಗಿಯಾದ ನಿಯಮ ಮಾಡಬಹುದೇ ಹೊರತು ಅದನ್ನು ಸಡಿಲಿಸುವಂತಿಲ್ಲ.