ಸೇಫ್ಟಿ ರೇಜರ್ (ಹಳೆಯದರ ಆಯ್ಕೆ)

ಇಬ್ಬದಿಯ ತೆಳುಬ್ಲೇಡನ್ನು ತಲೆಯಲ್ಲಿ ಬಿಗಿದು ಬಳಸುವ ಮುಖಕ್ಷೌರದ ಉಪಕರಣ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ಟನು 1903ರಲ್ಲಿ ಮಾರಾಟಕ್ಕಿಟ್ಟು 1904ರಲ್ಲಿ ಪೇಟೆಂಟು ಪಡೆದ ಈ ಸಾಧನವು, ಹಡಪದರ ಮಡಿಸುಗತ್ತಿಯೊಂದೇ ಗತಿಯಾಗಿದ್ದ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕಾಲಕ್ರಮೇಣ ಮನೆಯ ಕನ್ನಡಿಯ ಮುಂದಣ ನಿತ್ಯವಸ್ತುವಾಯಿತು. ಅಲ್ಲಿ ಇದಕ್ಕೆ ‘ದಾಡಿ ಸೆಟ್’ ಎಂದೇ ಹೆಸರು.

ಹಳೆಯ ರೇಜರನ್ನು ಗುಜರಿಯಲ್ಲಾಗಲಿ ಸಂತೆಯಲ್ಲಾಗಲಿ ಕೊಳ್ಳುವವನು ಹೊಳಪಿಗೆ ಮರುಳಾಗದೆ, ಮೊದಲು ಹಿಡಿಯ ತಿರುಪಿನ ಎಳೆಗಳು ಸವೆದಿವೆಯೋ, ಹಿಡಿಯಲ್ಲಿ ಕೂದಲೆಳೆಯಂಥ ಬಿರುಕಿದೆಯೋ, ಬ್ಲೇಡಿನ ಕೆಳಗಣ ಬಾಚಣಿಗೆಯಂಥ ತಟ್ಟೆಯ ಹಲ್ಲುಗಳು ಬಾಗಿವೆಯೋ ಎಂಬುದನ್ನು ಪರೀಕ್ಷಿಸತಕ್ಕದ್ದು. ತರುವಾಯ ಬ್ಲೇಡು ತೊಡಿಸಿ, ಅದರ ಅಂಚು ಎರಡು ಪಾರ್ಶ್ವಗಳಲ್ಲಿಯೂ ಸಮನಾಗಿ ಹೊರಚಾಚಿದೆಯೇ ಎಂದು ನೋಡಬೇಕು, ಏಕೆಂದರೆ ಓರೆಯಾದ ತಲೆ ಗಲ್ಲವನ್ನು ಗೀರುವುದು ನಿಶ್ಚಿತ. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಹಿತ್ತಾಳೆಯದು ಅಂಟದು. ಲೇಪ ಸವೆದು ಹಳದಿ ಇಣುಕಿದರೆ ಬೆಲೆ ತಗ್ಗಬಹುದೇ ಹೊರತು ಕ್ಷೌರ ಕೆಡದು. ಅಮೆರಿಕದ ಜಿಲೆಟ್ ರೇಜರುಗಳಲ್ಲಿ 1950ರ ದಶಕದಿಂದೀಚೆಗೆ ಕೊರೆದ ಅಕ್ಷರವು ವರ್ಷವನ್ನೂ ಅಂಕಿಯು ತ್ರೈಮಾಸಿಕವನ್ನೂ ಸೂಚಿಸುತ್ತದೆ. ‘ಎ’ ಎಂದರೆ 1955.

ನವಲಗುಂದ, ಅಣ್ಣಿಗೇರಿಗಳ ಎರೆನಾಡಿನ ಸವುಳು ನೀರು ತಲೆಯ ಸಂದುಗಳಲ್ಲಿ ಬಿಳಿಯ ಕರಲನ್ನು ಕಟ್ಟಿಸುತ್ತದೆ. ತೊಳೆಯಲು ಬೆಚ್ಚನೆಯ ಸೋಪುನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಹಿತ್ತಾಳೆಯೆಂದು ಬಗೆದು ಚರಿಗೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದವರು ನಿಕ್ಕಲ್ ಲೇಪವನ್ನೇ ತೊಳೆದುಕೊಂಡಾರು.