ಪ್ರಿಂಟ್ ಮಾಡಿದ ಅಂಗಕ್ಕೆ ರಕ್ತ ತಲುಪೋದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದೋರಿಗೆ ಗೊತ್ತು: ತೆಂಗಿನ ಕಾಂಡಕ್ಕೆ ಮಚ್ಚಿನೇಟು ಬಿದ್ರೆ ಆ ಗಾಯ ಮರ ಇರೋವರೆಗೂ ಹಾಗೇ ಇರುತ್ತೆ. ತೆಂಗಿಗೆ ಕ್ಯಾಂಬಿಯಂ ಪದರ ಇಲ್ಲ. ಕಡಿದುಹೋದ ನಾಳದ ಜಾಗದಲ್ಲಿ ಹೊಸದು ಹುಟ್ಟಲ್ಲ. ನಮ್ಮ ದೇಹ ಹಾಗಲ್ಲ. ಆಮ್ಲಜನಕ ಸಾಲದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ, ಹತ್ತಿರದ ರಕ್ತನಾಳ ಅತ್ತ ಕವಲೊಡೆಯುತ್ತೆ.

ಲ್ಯಾಬಿನಲ್ಲಿ ಕಟ್ಟಿದ ಅಂಗಾಂಶಕ್ಕೆ ಆ ಕವಲು ಬರೋವರೆಗೆ ಕಾಯೋ ಪುರುಸೊತ್ತಿಲ್ಲ. ರಕ್ತನಾಳದಿಂದ ಸುಮಾರು 200 ಮೈಕ್ರೋಮೀಟರ್, ಅಂದ್ರೆ ಮಿಲಿಮೀಟರಿನ ಐದನೇ ಒಂದು ಭಾಗ, ದೂರವಾದರೆ ಜೀವಕೋಶಕ್ಕೆ ಆಮ್ಲಜನಕ ಮುಟ್ಟಲ್ಲ. ದಪ್ಪ ತುಂಡಿನ ನಡುಭಾಗ ಸಾಯುತ್ತೆ. ಹಾಗಾಗಿ ನಾಳದ ದಾರಿಯನ್ನು ಮೊದಲೇ ಮಾಡಿಡಬೇಕು. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸಕ್ಕರೆ ಎಳೆಗಳ ಜಾಲ ಪ್ರಿಂಟ್ ಮಾಡಿ, ಸುತ್ತ ಜೀವಕೋಶ ಬೆರೆಸಿದ ಜೆಲ್ ಎರೆದು, ಸಕ್ಕರೆ ಕರಗಿಸಿದರು. ಉಳಿದ ಕೊಳವೆಗಳಲ್ಲಿ ರಕ್ತ ಹರಿಸಿದರು. 2017ರಲ್ಲಿ ವೂಸ್ಟರ್ ಪಾಲಿಟೆಕ್ನಿಕ್‌ನವರು ಪಾಲಕ್ ಎಲೆಯ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ನರಗಳ ಜಾಲ ಉಳಿದ ಆ ಎಲೆಯ ಮೇಲೆ ಹೃದಯದ ಜೀವಕೋಶ ಬೆಳೆಸಿದರು. ಮಿಡಿದವು!

ಬೆಂಗಳೂರಿನ ಪ್ಯಾಂಡೋರಮ್ ಕಂಪನಿ 2015ರಲ್ಲಿ ಲಿವರ್ ಅಂಗಾಂಶ ಪ್ರಿಂಟ್ ಮಾಡಿದ್ದಾಗಿ ಹೇಳಿತು. ಅದು ಔಷಧ ಪರೀಕ್ಷೆಗೆ ಬೇಕಾಗೋ ಸಣ್ಣ ತುಂಡು, ಕಸಿ ಮಾಡೋ ಲಿವರ್ ಅಲ್ಲ. ಆಮೇಲೆ ಕಂಪನಿ ಕಾರ್ನಿಯಾ ಕಡೆ ಹೊರಳಿತು. ಕಾರ್ನಿಯಾ ಅರ್ಧ ಮಿಲಿಮೀಟರ್ ದಪ್ಪ, ಅದರಲ್ಲಿ ರಕ್ತನಾಳವೇ ಇಲ್ಲ. ಇಂಥ ಸಂಶೋಧನೆಗೆ ಸರ್ಕಾರದ ದುಡ್ಡೂ ಹೋಗುತ್ತೆ. ಹಾಗಾಗಿ 'ಕಿಡ್ನಿ ಪ್ರಿಂಟ್ ಆಯ್ತು' ಅನ್ನೋ ಹೆಡ್‌ಲೈನ್ ಕಂಡರೆ ಕೇಳಿ: ಎಷ್ಟು ದಪ್ಪ? ಒಳಗೆ ರಕ್ತ ಹರಿಯುತ್ತಾ? ಸದ್ಯಕ್ಕೆ ಕಿಡ್ನಿಗೆ ಕಾಯೋರ ಪಾಲಿಗಿರೋದು ಡಯಾಲಿಸಿಸ್, ಜೀವಸಾರ್ಥಕತೆಯ ಸರದಿ ಪಟ್ಟಿ.