ಮಾಯಮಂತ್ರದ ಬಾಲಕಥೆಗಳು ಮತ್ತು ನಂಬುವವರ ನೋಟ: ಹದಿನಾರು ಸೀಮೆ

ಮಾಟ, ಪವಾಡ, ಶಾಪಗಳನ್ನು ನಿಜವೆಂದು ನಂಬಿ ನಡೆಯುವ ಜನರು, ಅವನ್ನೇ ವಸ್ತುವಾಗಿಸಿಕೊಂಡ ಮಕ್ಕಳ ಕಥೆ, ಪತ್ರಿಕೆ, ಚಲನಚಿತ್ರಗಳನ್ನು ಹೇಗೆ ಕಂಡಿದ್ದಾರೆ ಎಂಬುದರ ಚರಿತ್ರೆ. ಇಲ್ಲಿ ಹದಿನಾರು ಸೀಮೆ ಎಂದರೆ ಕಪಿಲೆ, ಕಾವೇರಿ ಹರಿಯುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳು, ಜೊತೆಗೆ ಅಲ್ಲಿನ ಜನರ ಜಾತ್ರೆ, ಹರಕೆ, ನೆಂಟಸ್ತಿಕೆಗಳು ಹಬ್ಬಿರುವ ಕೊಳ್ಳೇಗಾಲ, ಮಳವಳ್ಳಿಗಳ ಕಡೆ.

ಈ ವಿಷಯದ ಬರವಣಿಗೆ ಬಹುಮಟ್ಟಿಗೆ ಇಂಗ್ಲಿಷಿನದು, 1997ರಲ್ಲಿ ಮೊದಲ ಹ್ಯಾರಿ ಪಾಟರ್ ಪುಸ್ತಕ ಬಂದ ಮೇಲೆ ಎದ್ದ ಜಗಳದ ಸುತ್ತ ಬೆಳೆದದ್ದು. ಅಲ್ಲಿ ಒಂದು ಕಡೆ ಚರ್ಚು, ಇನ್ನೊಂದು ಕಡೆ ವಿಕ್ಕಾ ಪಂಥ. ಆ ಅಳತೆಗೋಲು ಮೈಸೂರು ಸೀಮೆಗೆ ಒಗ್ಗುವುದಿಲ್ಲ. ಕನ್ನಡದಲ್ಲಿರುವುದು ಬೇರೆ ಗೊಂದಲ: ಜನಪದ ಕಾವ್ಯದ ಪವಾಡ, ಕೊಳ್ಳೇಗಾಲದ ಮಾಟ, ‘ಚಂದಮಾಮ’ದ ಮಂತ್ರವಾದಿ, ತಲಕಾಡಿನ ಶಾಪ ಇವೆಲ್ಲವನ್ನೂ ಮೂಢನಂಬಿಕೆ ಎಂದು ಒಂದೇ ಗಂಟಿಗೆ ಕಟ್ಟಿಬಿಡುವುದು. ನಂಬುವವರ ಮಟ್ಟಿಗೆ ಇವು ಒಂದಲ್ಲ.

ಹೊರನಾಡಿನ ಹಿನ್ನೆಲೆ

ಮಾಂತ್ರಿಕ ಶಕ್ತಿಯಿದೆಯೆಂದು ನಟಿಸುವುದನ್ನು ಅಪರಾಧವೆನ್ನುತ್ತಿದ್ದ ಬ್ರಿಟನ್ನಿನ 1735ರ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ‘ವಿಚ್‌ಕ್ರಾಫ್ಟ್ ಟುಡೇ’ ಪ್ರಕಟಿಸಿದ ಮೇಲೆ ವಿಕ್ಕಾ ಬಯಲಿಗೆ ಬಂದ ಧರ್ಮವಾಯಿತು. ಈ ಪಂಥದವರಿಗೂ ಮಕ್ಕಳ ಕಥೆಗಳಿಗೂ ಇರುವ ಹಳೆಯ ತಕರಾರು ಮಕ್ಕಳನ್ನು ತಿನ್ನುವ ಮಾಟಗಾತಿಯದು. 1992ರಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ಡಯಾಬ್ಲೊದಲ್ಲಿ, ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ ಕಥೆ ಮಾಟಗಾತಿಯರನ್ನು ಕೊಲ್ಲುವುದು ಸರಿಯೆಂದು ಕಲಿಸುತ್ತದೆ ಎಂಬ ಆಕ್ಷೇಪ ಶಾಲೆಯವರೆಗೆ ಹೋಯಿತು. ಪಾಟರ್ ಬಂದಾಗ ತಕರಾರಿನ ದಿಕ್ಕು ಬದಲಾಯಿತು. ಇಲ್ಲಿ ಮಾಟಗಾರ ಒಳ್ಳೆಯವನೇ, ಆದರೆ ಅವನ ಮಾಟಕ್ಕೆ ದೇವರಿಲ್ಲ, ಋತುಹಬ್ಬವಿಲ್ಲ, ಯಾರಿಗೂ ಕೇಡು ಮಾಡಬಾರದೆಂಬ ಕಟ್ಟಳೆಯಿಲ್ಲ. ಕೋಲು ಬೀಸಿ ಮಾತು ಆಡಿದರೆ ಕೆಲಸ ಮುಗಿಯಿತು. ಈ ಪುಸ್ತಕಗಳು ಮಕ್ಕಳನ್ನು ವಿಕ್ಕಾಕ್ಕೆ ಎಳೆಯುತ್ತವೆ ಎಂದು ಕೆಲವು ಕ್ರೈಸ್ತ ಗುಂಪುಗಳು ದೂರಿದವು. ನಮ್ಮ ಧರ್ಮಕ್ಕೂ ಆ ಕೋಲಿಗೂ ಸಂಬಂಧವೇ ಇಲ್ಲ ಎಂದು ವಿಕ್ಕಾದವರು ಉತ್ತರಿಸಿದರು. ಅವರಲ್ಲೇ ಬಹಳ ಮಂದಿ ಪುಸ್ತಕವನ್ನು ಮನಸಾರೆ ಓದಿದ್ದರೆನ್ನುವುದೂ ಅಷ್ಟೇ ನಿಜ. ಭಾರತದಲ್ಲಿ ವಿಕ್ಕಾದ ಹೆಸರನ್ನು ಬಹಿರಂಗವಾಗಿ ಹೊತ್ತವರಲ್ಲಿ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ ಪ್ರಮುಖರು. ಅವರ ಆತ್ಮಕಥೆ ‘ಬಿಲವೆಡ್ ವಿಚ್’ 2000ದಲ್ಲಿ ಬಂತು.

ಪವಾಡವೂ ಮಾಟವೂ

ಹದಿನಾರು ಸೀಮೆಯಲ್ಲಿ ಮಕ್ಕಳು ಮಾಯಮಂತ್ರದ ಕಥೆಯನ್ನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ಮಲೆಯ ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರು ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕಂಚಿನ ಕಂಸಾಳೆ ಹಿಡಿದು ಬರುತ್ತಾರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಹರಕೆ ಹೊತ್ತ ಮನೆಯಲ್ಲಿ ರಾತ್ರಿಯೂಟ ಮುಗಿದ ಮೇಲೆ ಶುರುವಾದ ಕಥೆ ಕೋಳಿ ಕೂಗುವವರೆಗೆ ನಡೆಯುವುದುಂಟು. ಮಕ್ಕಳು ಕೇಳುತ್ತ ಕೇಳುತ್ತ ದೊಡ್ಡವರ ತೊಡೆಯ ಮೇಲೇ ನಿದ್ದೆ ಹೋಗುತ್ತಾರೆ. ಹರಕೆಯ ಮಗನಾದರೆ ಅವನನ್ನೇ ಗುಡ್ಡನಾಗಿಯೋ ನೀಲಗಾರನಾಗಿಯೋ ಬಿಡುತ್ತಾರೆ. ಕೇಳುವ ಹುಡುಗನೇ ನಾಳೆ ಹೇಳುವವನು. ಇದನ್ನು ಮಕ್ಕಳ ಮನರಂಜನೆಯ ಲೆಕ್ಕಕ್ಕೆ ಸೇರಿಸಲಾಗದು. ಹಾಡುವುದೇ ಒಂದು ಪೂಜೆ.

ಈ ಕಥೆಗಳಲ್ಲಿ ಮಾಯೆಗೇನೂ ಬರವಿಲ್ಲ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಗೆ ಮಾದಪ್ಪ, ಅಂದರೆ ಮಾದೇಶ್ವರ, ಅರಗಿನ ಮೆಟ್ಟು ತೊಡಿಸುತ್ತಾನೆ, ಕಾದ ಬಂಡೆಯ ಮೇಲೆ ಅದು ಕರಗಿ ಅಂಟಿ ದೊರೆ ಸುಟ್ಟು ಹೋಗುತ್ತಾನೆ. ಮಂಟೇಸ್ವಾಮಿಯ ಶಿಷ್ಯನಾದ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಗೆ ಹೋದಾಗ ಅವರು ಒಡ್ಡುವ ಒಂದೊಂದು ಪರೀಕ್ಷೆಯನ್ನೂ ದಾಟುತ್ತಾನೆ. ಆದರೆ ಇದೇ ಕಾವ್ಯಗಳಲ್ಲಿ ಕೇಡಿನ ವಿದ್ಯೆಯೂ ಇದೆ. ಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಎಂಬ ಭಾಗದಲ್ಲಿ ನೀಲೇಗೌಡ ಬೇಟೆಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಬಲಗೈ ಭಾಷೆ ಕೇಳುತ್ತಾನೆ. ಆಕೆ ಕೊಡದಿದ್ದಾಗ ಹಿಂಸಿಸಿ, ಗುಡಿಸಲಲ್ಲಿ ಕೂಡಿಹಾಕಿ, ಮಾಟಮಂತ್ರದ ಕಾವಲು ಹಾಕಿ ಹೋಗುತ್ತಾನೆ. ಬಿಡಿಸಲು ಬರುವವನು ಮಾದಪ್ಪ. ಸಂಕಮ್ಮನಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳು ಹುಟ್ಟುವುದೂ ಅವನ ವರದಿಂದ.

ಗಂಡನ ವಿದ್ಯೆಯೂ ದೇವರ ಶಕ್ತಿಯೂ ಒಂದೇ ಕಥೆಯಲ್ಲಿ ಮುಖಾಮುಖಿಯಾಗುವ ಈ ಭಾಗವೇ ನಂಬುವವರ ನಿಲುವನ್ನು ಅತಿ ಸ್ಪಷ್ಟವಾಗಿ ತೋರಿಸುತ್ತದೆ. ಇಲ್ಲಿ ಮಾಂತ್ರಿಕ ಶಕ್ತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಾರ ಕೈಯಲ್ಲಿ, ಯಾರ ಮೇಲೆ ಎಂಬುದಷ್ಟೇ ಪ್ರಶ್ನೆ. ಗುರುವಿನಿಂದ ಬಂದು ದಿಕ್ಕಿಲ್ಲದವರ ಪರ ನಿಂತದ್ದು ಪವಾಡ, ಹೊಟ್ಟೆಕಿಚ್ಚಿನಿಂದಲೋ ಅನುಮಾನದಿಂದಲೋ ಒಬ್ಬರನ್ನು ಕಟ್ಟಿಹಾಕಿದ್ದು ಮಾಟ. ಗಾರ್ಡ್‌ನರ್‌ನ ಅನುಯಾಯಿಗಳು ಪಾಟರ್‌ನಲ್ಲಿ ಕಾಣದೆ ಹೋದ ಕಟ್ಟಳೆ ಇಲ್ಲಿ ಕಥೆಯ ಒಳಗೇ ಇದೆ.

ಈ ಕಾವ್ಯಗಳು ಅಚ್ಚಿಗೆ ಬಂದಾಗ ಏನಾಯಿತೆಂಬುದು ಹೆಚ್ಚು ಗಮನಿಸಬೇಕಾದ ಸಂಗತಿ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ತಲೆಮಾರು ದಾರಿ ಮಾಡಿತು, ಪಿ.ಕೆ. ರಾಜಶೇಖರ ಅವರ ಮಾದೇಶ್ವರ ಸಂಗ್ರಹ 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯನವರು ಹಾಡಿದ, ಕೇಶವನ್ ಪ್ರಸಾದ್ ಸಂಪಾದಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಹೊರತಂದಿತು. ಹಾಡುಗಾರರಿಂದ ಹಾಡುಗಾರರಿಗೆ ಪಾಠ ಬೇರೆ. ಅಚ್ಚಾದದ್ದನ್ನೇ ಮೂಲವೆಂದು ಹಿಡಿದವರು ಪವಾಡಗಳನ್ನು ಸಾಂಕೇತಿಕವೆಂದೋ ತಳಸಮುದಾಯಗಳ ಪ್ರತಿಭಟನೆಯೆಂದೋ ಓದಿದರು. ಆ ಓದಿನಲ್ಲಿ ಹುರುಳಿದೆ, ಆದರೆ ಸಿದ್ದಪ್ಪಾಜಿಯ ಕ್ಷೇತ್ರವಾದ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಪುಷ್ಯ ಹುಣ್ಣಿಮೆಯ ರಾತ್ರಿ ‘ಚಂದ್ರಮಂಡಲ’ವೆಂಬ ಬಿದಿರಿನ ಆಕೃತಿಗೆ ಬೆಂಕಿ ತಗಲುವುದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುವವರು ಸಂಕೇತವನ್ನು ನೋಡಲು ಬರುವುದಿಲ್ಲ.

ಕೊಳ್ಳೇಗಾಲದ ಹೆಸರು

ಮಾದಪ್ಪನ ಬೆಟ್ಟವೂ ಚಿಕ್ಕಲ್ಲೂರೂ ಹಿಂದೆ ಕೊಳ್ಳೇಗಾಲ ತಾಲ್ಲೂಕಿನವು. ಅದೇ ಕೊಳ್ಳೇಗಾಲ ಇಡೀ ಕರ್ನಾಟಕಕ್ಕೆ ಮಾಟದ ಊರೆಂದು ಪರಿಚಿತ. ಈ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಸಿನಿಮಾ, ನಾಟಕ, ಹರಟೆಗಳಲ್ಲಿ ‘ಕೊಳ್ಳೇಗಾಲಕ್ಕೆ ಹೋಗಿ ಬಂದೆಯಾ’ ಎಂದರೆ ಮಿಕ್ಕದ್ದನ್ನು ಹೇಳಬೇಕಿಲ್ಲ. ಪವಾಡದ ಎರಡು ದೊಡ್ಡ ಕ್ಷೇತ್ರಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಲ್ಲೂಕಿಗೆ ಮಾಟದ ಬಿರುದು ಅಂಟಿದ್ದು, ಒಳಗಿನವರು ಬೇರೆಯಾಗಿಟ್ಟಿದ್ದನ್ನು ಹೊರಗಿನವರು ಬೆರೆಸಿದ್ದಕ್ಕೆ ಒಳ್ಳೆಯ ಉದಾಹರಣೆ.

ಅಚ್ಚು ಮತ್ತು ಬೆಳ್ಳಿತೆರೆ

ಮದರಾಸಿನಿಂದ ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಗುಹೆ, ತಲೆಬುರುಡೆ, ಜಡೆ, ಕೆಂಗಣ್ಣುಗಳ ಮಂತ್ರವಾದಿಗೆ ಕನ್ನಡ ಮಕ್ಕಳ ಕಲ್ಪನೆಯಲ್ಲಿ ಒಂದು ಸ್ಥಿರ ಮುಖ ಸಿಕ್ಕಿದ್ದು ಬಹುಪಾಲು ಈ ಪತ್ರಿಕೆಯಿಂದ. ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ವಿಕ್ರಮ ರಾಜನ ಚಿತ್ರ ಬರೆದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಬೇತಾಳ ಕಥೆಯ ಹಳೆಯ ರೂಪದಲ್ಲಿ ರಾಜನನ್ನು ಹೆಣ ತರಲು ಕಳಿಸುವವನು ಅವನನ್ನೇ ಬಲಿಕೊಡಲು ಹೊಂಚುವ ಯೋಗಿ. ಕೊನೆಗೆ ತಲೆ ಉರುಳುವುದು ಯೋಗಿಯದು. ಪತ್ರಿಕೆ ಇಪ್ಪತ್ತೈದು ಕಥೆಗಳನ್ನು ದಾಟಿ ನೂರಾರು ಕಂತುಗಳಿಗೆ ಬೆಳೆಸಿದ್ದರಿಂದ ಆ ಕೊನೆ ಮುಂದೆ ಮುಂದೆ ಹೋಯಿತು. ಮಕ್ಕಳಿಗೆ ಉಳಿದವರು ರಾಜ ಮತ್ತು ಬೇತಾಳ. ಬಲಿ, ಸಾಧನೆ, ಸಿದ್ಧಿಗಳ ಭಾಗ, ಅಂದರೆ ಆಚರಿಸುವವನಿಗೆ ಮುಖ್ಯವಾದ ಭಾಗವೇ, ಕಥೆಯಿಂದ ಕಳಚಿತು.

ಮೈಸೂರಿನಲ್ಲೇ ನೆಲೆಯಿದ್ದ ಡಿ. ಶಂಕರ್‌ಸಿಂಗ್ ಅವರ ಮಹಾತ್ಮ ಪಿಕ್ಚರ್ಸ್ 1951ರಲ್ಲಿ ‘ಜಗನ್ಮೋಹಿನಿ’ ತೆರೆಗೆ ತಂದಿತು. ಜಾನಪದ ಮಾಯಾಲೋಕದ ಈ ಚಿತ್ರ ಭಾರಿ ಯಶಸ್ಸು ಕಂಡಿತು. ಸಂಸ್ಥೆಯ ಪಾಲುದಾರರಾಗಿದ್ದ ಬಿ. ವಿಠಲಾಚಾರ್ಯ ಮುಂದೆ ತೆಲುಗಿನಲ್ಲಿ ಮಾಯಾಜಾಲದ ಚಿತ್ರಗಳಿಗೇ ಹೆಸರಾದರು.

ಇವೆಲ್ಲಕ್ಕಿಂತ ಭಿನ್ನ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗನ ಜರ್ಮನ್ ಊರಿನ ಕಥೆ ಇಲ್ಲಿ ಕನ್ನಡದ ಹಳ್ಳಿಗೆ ಬಂದಾಗ, ಬಣ್ಣದ ಬಟ್ಟೆಯ ಪರದೇಶಿಯ ಜಾಗದಲ್ಲಿ ನಿಂತವನು ಜೋಗಿ. ಕಿನ್ನರಿ ನುಡಿಸುತ್ತ ಮನೆಬಾಗಿಲಿಗೆ ಬಂದು ಅರ್ಜುನಜೋಗಿಯ ಹಾಡು ಹೇಳುವ ಜೋಗಿಗಳನ್ನು ಹಳ್ಳಿಯ ಮಕ್ಕಳು ಕಣ್ಣಾರೆ ಕಂಡಿದ್ದರು. ನಿಜವಾದ ಭಿಕ್ಷಾವೃತ್ತಿಯ ಸಮುದಾಯವೊಂದು ಕನ್ನಡದ ಅತಿ ಜನಪ್ರಿಯ ಬಾಲಕಾವ್ಯದಲ್ಲಿ ಮಾಂತ್ರಿಕನಾಗಿ ಬಂತು, ಆದರೆ ಖಳನಾಗಿ ಬರಲಿಲ್ಲ. ಮಾತಿಗೆ ತಪ್ಪಿದವರು ಊರವರು. ಕ್ಯಾಲಿಫೋರ್ನಿಯದವರು ‘ಹ್ಯಾನ್ಸೆಲ್’ ಮೇಲೆ ಎತ್ತಿದಂಥ ಆಕ್ಷೇಪಕ್ಕೆ ಈ ಪದ್ಯದಲ್ಲಿ ಎಡೆಯಿಲ್ಲ.

ಆಕ್ಷೇಪ ಬಂದ ದಿಕ್ಕು

ಕರ್ನಾಟಕದಲ್ಲಿ ಮಾಯಮಂತ್ರದ ವಿರುದ್ಧ ಗಟ್ಟಿಯಾಗಿ ದನಿಯೆತ್ತಿದವರು ವಿಚಾರವಾದಿಗಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಅವರ ಗುರಿ ಬಾಬಾಗಳು, ಕಥೆಪುಸ್ತಕಗಳಲ್ಲ. ದೀರ್ಘ ಚರ್ಚೆಯ ಬಳಿಕ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಧಿಗಾಗಿ ನಡೆಸುವ ಹಿಂಸೆಯಂಥವು ಅದರಡಿ ಅಪರಾಧ. ಆದರೆ ಹರಿಕಥೆ, ಕೀರ್ತನೆ, ಭಜನೆಗಳಿಗೂ, ಗತಿಸಿದ ಸಂತರ ಪವಾಡಗಳನ್ನು ಹೇಳುವುದು, ಪ್ರಚಾರ ಮಾಡುವುದು, ಆ ಬಗೆಯ ಸಾಹಿತ್ಯ ಹಂಚುವುದಕ್ಕೂ ಕಾಯಿದೆ ವಿನಾಯಿತಿ ಕೊಟ್ಟಿದೆ. ಮಾಡುವುದಕ್ಕೂ ಹೇಳುವುದಕ್ಕೂ ಶಾಸಕಾಂಗ ಎಳೆದ ಈ ಗೆರೆಯ ಆಚೆ ನೀಲಗಾರರ ತಂಬೂರಿ ಸುರಕ್ಷಿತವಾಗಿದೆ.

 

ತಲಕಾಡಿನ ಶಾಪ

ಹದಿನಾರು ಗ್ರಾಮಕ್ಕೆ ಸೇರಿದ ರಾಜಕಥೆಯಲ್ಲಿ ಮಾಯೆ ಇಲ್ಲವೆಂದೇ ಹೇಳಬೇಕು. ಅಣ್ಣತಮ್ಮಂದಿರಾದ ಯದುರಾಯ, ಕೃಷ್ಣರಾಯರು ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ಹದಿನಾಡಿನ, ಅಂದರೆ ಇಂದಿನ ಹದಿನಾರಿನ, ರಾಜಕುಮಾರಿಯನ್ನು ಬಿಡಿಸಿದ್ದು, 1399ರಲ್ಲಿ ಮೈಸೂರು ಅರಸುಮನೆತನ ಹುಟ್ಟಿದ್ದು, ನಡುವೆ ಒಬ್ಬ ಜಂಗಮನ ನೆರವು, ಅಷ್ಟೆ. ಅದೇ ಮನೆತನದ ಎರಡನೆಯ ಕಥೆ ನಡೆಯುವುದು ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ, ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮನ ಒಡವೆಗೆ ಆಳುಗಳನ್ನು ಅಟ್ಟಿದರು. ಆಕೆ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿ ಕಾವೇರಿಗೆ ಹಾರಿದಳು ಎಂಬುದು ಪ್ರತೀತಿ.

ತಲಕಾಡನ್ನು ಮುಚ್ಚಿದ ಮರಳಿನ ಕಾರಣ ಬೇರೆಯೆಂದು ಹೇಳುವವರು, ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯತ್ತ, ಹೊಳೆ ತಿರುಗಿದ ಬಗೆಯತ್ತ ಬೆರಳು ತೋರಿಸುತ್ತಾರೆ. ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪರಿಸರ ವಿಪತ್ತಿನ ಕಥೆಯಾಗಿ ಬಿಡಿಸಿದರು. ಮಕ್ಕಳಿಗೆ ಇದು ರೋಮಾಂಚನದ ಕಥೆ. ಶಾಪ ತಗಲಿದವರ ನಡವಳಿಕೆ ಮಾತ್ರ ಬೇರೆ: ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಯಿದೆ, ಅದಕ್ಕೆ ಪೂಜೆ ನಡೆಯುತ್ತದೆ. ಯೋಗಿಯ ತಲೆ ಉರುಳಿಸಿ ಕಥೆ ಮುಗಿಸುವ ಹಳೆಯ ಬೇತಾಳ ಕಥೆಯ ಪದ್ಧತಿಗೆ ಇದು ತೀರ ವಿರುದ್ಧ.

2017ರ ಡಿಸೆಂಬರ್ 6ರಂದು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರಿಗೆ ಗಂಡುಮಗು ಹುಟ್ಟಿದಾಗ, ನಾನೂರು ವರ್ಷಗಳ ಶಾಪ ಕಳೆಯಿತೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಶಾಪವನ್ನು ನಂಬುವವರ ಲೆಕ್ಕ ಹಿಡಿದರೆ ಈ ತೀರ್ಮಾನ ಅವಸರದ್ದು. ಅವರ ಪ್ರಕಾರ ದತ್ತು ಬಂದವನಿಗೆ ಮಕ್ಕಳಾಗುತ್ತವೆ, ಆ ಮಗನಿಗೆ ಆಗುವುದಿಲ್ಲ. ದತ್ತಕ್ಕೆ ಬಂದ ಹತ್ತನೆಯ ಚಾಮರಾಜ ಒಡೆಯರಿಗೆ ನಾಲ್ವಡಿ ಕೃಷ್ಣರಾಜರು ಹುಟ್ಟಿದರು, ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಅವರ ತಮ್ಮನ ಮಗ ಜಯಚಾಮರಾಜರಿಗೆ 1953ರಲ್ಲಿ ಶ್ರೀಕಂಠದತ್ತರು ಹುಟ್ಟಿದರು, ಅವರಿಗೂ ಮಕ್ಕಳಾಗಲಿಲ್ಲ. ಯದುವೀರರು 2015ರಲ್ಲಿ ದತ್ತಕ್ಕೆ ಬಂದವರು. ಆ ಲೆಕ್ಕದಲ್ಲಿ 2017ರ ಜನನ ಸರದಿಯಂತೆ ಆದದ್ದು, ಪರೀಕ್ಷೆ ಇರುವುದು ಮುಂದಿನ ತಲೆಮಾರಿಗೆ.